ಕೈ ಕುಲುಕಿದ ಮೇಲೆ: ಜೋ ಜಮೇಲ್ ಗೆದ್ದ ಒಂದು ಸಿವಿಲ್ ದಾವೆ

ಒಬ್ಬರು ಸೈಟು ಮಾರುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. ದರ ಮಾತಾಗಿದೆ. ಮನೆಯವರೆಲ್ಲ ಕೂತು ಹೂಂ ಅಂದಿದ್ದಾರೆ. ಕೈ ಕುಲುಕಿ, ಕಾಫಿ ಕುಡಿದು ಎದ್ದಿದ್ದಾರೆ. ಕರಾರು ಪತ್ರ ಮಾತ್ರ ಇನ್ನೂ ವಕೀಲರ ಟೇಬಲ್ ಮೇಲಿದೆ. ಅಷ್ಟರಲ್ಲಿ ಬೇರೆ ಯಾರೋ ಬಂದು ಜಾಸ್ತಿ ದುಡ್ಡು ತೋರಿಸುತ್ತಾರೆ. ಮಾರುವವರು ಅಳುಕಿದರೆ, "ಅವರು ಕೇಸು ಹಾಕಿದರೆ ಅದರ ಭಾರವೆಲ್ಲ ನನ್ನದು" ಅಂತ ಬರೆದೂ ಕೊಡುತ್ತಾರೆ. ಸೈಟು ಅವರ ಪಾಲಾಗುತ್ತದೆ. ಮೊದಲು ಮಾತಾಡಿದವರ ಗತಿ ಏನು? ಅವರು ಯಾರನ್ನು ಕೇಳಬೇಕು, ಮಾತು ತಪ್ಪಿದವರನ್ನೋ, ತಪ್ಪಿಸಿದವರನ್ನೋ?

ಇದೇ ಜಗಳ 1984ರಲ್ಲಿ ಅಮೆರಿಕದ ಮೂರು ಎಣ್ಣೆ ಕಂಪನಿಗಳ ನಡುವೆ ಎದ್ದಿತು. ಸೈಟಿನ ಜಾಗದಲ್ಲಿ ಇದ್ದದ್ದು ಗೆಟ್ಟಿ ಆಯಿಲ್ ಎಂಬ ಕಂಪನಿ. ಮೊದಲು ಮಾತಾಡಿದ್ದು ಪೆನ್‌ಜಾಯಿಲ್. ಆಮೇಲೆ ಬಂದದ್ದು ಟೆಕ್ಸಾಕೊ. ಪೆನ್‌ಜಾಯಿಲ್ ಪರ ವಾದಿಸಿದ, ಟೆಕ್ಸಸ್ ರಾಜ್ಯದ ಹ್ಯೂಸ್ಟನ್ನಿನ ವಕೀಲ ಜೋ ಜಮೇಲ್ 1,053 ಕೋಟಿ ಡಾಲರ್ ಪರಿಹಾರದ ತೀರ್ಪು ತಂದರು. ಆವರೆಗೆ ಅಮೆರಿಕದ ಯಾವ ಜ್ಯೂರಿಯೂ (ಕೇಸು ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ತಂಡ) ಅಷ್ಟು ದೊಡ್ಡ ಮೊತ್ತ ಕೊಟ್ಟಿರಲಿಲ್ಲ. ಆ ದಾವೆ ಹೇಗೆ ನಡೆಯಿತು, ಅದರಲ್ಲಿ ಅವರ ಪಾತ್ರವೇನು, ತಮ್ಮ ಊರಿನ ಜೊತೆ ಅವರಿಗಿದ್ದ ಸಂಬಂಧ ಅದರಲ್ಲಿ ಎಲ್ಲೆಲ್ಲಿ ಕಾಣುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ನೋಡಿದ್ದೇನೆ.

ಜಮೇಲ್ ಹುಟ್ಟಿದ್ದು 1925ರಲ್ಲಿ, ಹ್ಯೂಸ್ಟನ್ನಿನಲ್ಲೇ. ಲೆಬನಾನಿನಿಂದ ಬಂದು ನೆಲೆಸಿದ್ದ ಕುಟುಂಬ. ತಂದೆಯದು ದಿನಸಿ ವ್ಯಾಪಾರ. ಎರಡನೇ ಮಹಾಯುದ್ಧದಲ್ಲಿ ಮರೀನ್ ಪಡೆ ಸೇರಿ ಪೆಸಿಫಿಕ್ ಕಡೆ ಹೋಗಿ ಬಂದರು. ಆಮೇಲೆ ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. ಅಲ್ಲಿ ಒಂದು ವಿಷಯದಲ್ಲಿ ಫೇಲಾಗಿದ್ದರು. ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗೆ ಆದ ಹಾನಿಗೆ ಪರಿಹಾರ ಕೊಡಿಸುವ ಕಾನೂನು, ಅಂದರೆ ಟಾರ್ಟ್ಸ್. ಮುಂದೆ ಜೀವನವಿಡೀ ಅವರಿಗೆ ಅನ್ನ ಹಾಕಿದ್ದೂ ಅದೇ ವಿಷಯ.

ಅವರ ವೃತ್ತಿ ಬೆಳೆದದ್ದು ಅಪಘಾತದ ಕೇಸುಗಳ ಮೇಲೆ. ಕೈಕಾಲು ಕಳೆದುಕೊಂಡವರು, ಗಂಡನನ್ನು ಕಳೆದುಕೊಂಡ ಹೆಂಗಸರು, ಕೆಟ್ಟ ಯಂತ್ರದಿಂದ ಗಾಯಗೊಂಡ ಕೆಲಸಗಾರರು, ಇಂಥವರೇ ಅವರ ಕಕ್ಷಿದಾರರು. ಫೀಸು ಮೊದಲೇ ಇಲ್ಲ. ಗೆದ್ದರೆ ಪರಿಹಾರದಲ್ಲಿ ಪಾಲು, ಸೋತರೆ ಏನೂ ಇಲ್ಲ. ನಮ್ಮ ದೇಶದಲ್ಲಿ ಬಾರ್ ಕೌನ್ಸಿಲ್ ನಿಯಮ ಇದನ್ನು ಒಪ್ಪುವುದಿಲ್ಲ. ದಾವೆಯ ಫಲದಲ್ಲಿ ವಕೀಲರು ಪಾಲು ಕೇಳುವ ಹಾಗಿಲ್ಲ. ಅಮೆರಿಕದಲ್ಲಿ ಕೈಯಲ್ಲಿ ಕಾಸಿಲ್ಲದ ಗಾಯಾಳು ದೊಡ್ಡ ಕಂಪನಿಯನ್ನು ಕೋರ್ಟಿಗೆ ಎಳೆಯಲು ಸಾಧ್ಯವಾಗುವುದೇ ಈ ಪದ್ಧತಿಯಿಂದ. ಇದರಲ್ಲಿ ದುರಾಸೆಗೆ ದಾರಿ ಇದೆ, ನಿಜ. ಆದರೆ ಬಾಗಿಲೇ ಮುಚ್ಚಿರುವುದಕ್ಕಿಂತ ಇದು ವಾಸಿ ಅಂತ ನನಗೆ ಅನ್ನಿಸುತ್ತದೆ.

1978ರ ಒಂದು ಕೇಸು ಅವರ ಹೆಸರನ್ನು ಟೆಕ್ಸಸ್ಸಿನ ಆಚೆಗೂ ಒಯ್ದಿತು. ಒಂದು ರೆಮಿಂಗ್ಟನ್ ರೈಫಲ್‌ನ ಸೇಫ್ಟಿ ತೆಗೆಯುವಾಗ, ಟ್ರಿಗರ್ ಒತ್ತದೆಯೇ ಗುಂಡು ಹಾರಿ ಒಬ್ಬರ ಮೈ ಸ್ವಾಧೀನ ತಪ್ಪಿತ್ತು. ಗಾಯಗೊಂಡವರು ತಾವೇ ವಕೀಲರಾಗಿದ್ದರು. ಕಂಪನಿ 68 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಜೊತೆಗೆ ಆ ಮಾದರಿಯ ಸುಮಾರು 2 ಲಕ್ಷ ರೈಫಲ್‌ಗಳನ್ನು ವಾಪಸ್ ಕರೆಸಿಕೊಂಡಿತು. ನನಗೆ ದುಡ್ಡಿಗಿಂತ ಈ ಎರಡನೇ ಮಾತು ದೊಡ್ಡದು. ಕೆಟ್ಟ ಬಂದೂಕು ಇನ್ನೊಂದು ಮನೆಯಲ್ಲಿ ಸಿಡಿಯದ ಹಾಗೆ ತಡೆಯುವುದೂ ಸಿವಿಲ್ ವಕೀಲರ ಕೈಯಿಂದ ಆಗುವ ಕೆಲಸವೇ ಅಲ್ವಾ?

ಇಂಥ ವಕೀಲರಿಗೆ ಕಂಪನಿ ಖರೀದಿಯ ವ್ಯಾಜ್ಯ ಹೇಗೆ ಬಂತು? ಗೆಳೆತನದಿಂದ. ಪೆನ್‌ಜಾಯಿಲ್ ಮುಖ್ಯಸ್ಥ ಹ್ಯೂ ಲಿಡ್ಕಿ ಜಮೇಲ್‌ಗೆ ಆಪ್ತ ಸ್ನೇಹಿತ. ಇಬ್ಬರೂ ಹ್ಯೂಸ್ಟನ್ನಿನವರು. ಷೇರು, ವಿಲೀನ, ಒಪ್ಪಂದದ ಕರಡು, ಇವುಗಳಲ್ಲಿ ಪಳಗಿದ ವಕೀಲರು ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದರು. ಲಿಡ್ಕಿ ಅಂಥವರ ಬಳಿ ಹೋಗದೆ, ಗಾಯಾಳುಗಳ ಪರ ಜ್ಯೂರಿ ಮುಂದೆ ನಿಲ್ಲುವ ಸ್ನೇಹಿತನನ್ನು ಕರೆದರು.

ಈಗ ಮಾತುಕತೆ ನಡೆದು ಮುರಿದ ಆ ಹತ್ತು ದಿನಗಳನ್ನು ನಿಧಾನವಾಗಿ ನೋಡಬೇಕು. ಇಡೀ ಕೇಸು ನಿಂತಿರುವುದು ಆ ದಿನಗಳ ಮೇಲೆ.

ಗೆಟ್ಟಿ ಆಯಿಲ್‌ನ ಷೇರುಗಳಲ್ಲಿ ಶೇ 40ರಷ್ಟು ಒಂದು ಕುಟುಂಬ ಟ್ರಸ್ಟಿನ ಹೆಸರಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಸ್ಥಾಪಕರ ಮಗ ಗಾರ್ಡನ್ ಗೆಟ್ಟಿ. ಸುಮಾರು ಶೇ 12 ಗೆಟ್ಟಿ ಮ್ಯೂಸಿಯಂ ಬಳಿ ಇತ್ತು. ಇಬ್ಬರೂ ಒಂದಾದರೆ ಕಂಪನಿ ಅವರ ಕೈಯಲ್ಲಿ. ಗಾರ್ಡನ್ ಗೆಟ್ಟಿಗೂ ಕಂಪನಿಯ ಆಡಳಿತಕ್ಕೂ ಆಗಿ ಬರುತ್ತಿರಲಿಲ್ಲ. ಲಿಡ್ಕಿ ಈ ಬಿರುಕನ್ನು ಗಮನಿಸಿದರು. 1983ರ ಡಿಸೆಂಬರ್ 28ರಂದು ಷೇರಿಗೆ 100 ಡಾಲರಿನಂತೆ ಶೇ 20ರಷ್ಟು ಷೇರು ಕೊಳ್ಳುವುದಾಗಿ ಪೆನ್‌ಜಾಯಿಲ್ ಬಹಿರಂಗವಾಗಿ ಹೇಳಿತು. ಆಮೇಲೆ ನ್ಯೂಯಾರ್ಕಿನಲ್ಲಿ ಮಾತುಕತೆ. ಜನವರಿ 2ರಂದು ಒಂದು ಒಪ್ಪಂದದ ಟಿಪ್ಪಣಿಗೆ ಪೆನ್‌ಜಾಯಿಲ್, ಗಾರ್ಡನ್ ಗೆಟ್ಟಿ, ಮ್ಯೂಸಿಯಂ ಮೂವರೂ ಸಹಿ ಹಾಕಿದರು. ಷೇರಿಗೆ 110 ಡಾಲರ್. ಕಂಪನಿಯಲ್ಲಿ ಏಳರಲ್ಲಿ ಮೂರು ಪಾಲು ಪೆನ್‌ಜಾಯಿಲ್‌ಗೆ, ನಾಲ್ಕು ಪಾಲು ಟ್ರಸ್ಟಿಗೆ. ಆದರೆ ಅದಕ್ಕೆ ಗೆಟ್ಟಿ ಆಯಿಲ್ ಆಡಳಿತ ಮಂಡಳಿಯ ಒಪ್ಪಿಗೆ ಬೇಕಿತ್ತು.

ಮಂಡಳಿ ರಾತ್ರಿಯಿಡೀ ಚರ್ಚೆ ಮಾಡಿತು. ಮೊದಲು ಬೇಡ ಅಂದಿತು. ಮರುದಿನ ಮತ್ತೆ ಸೇರಿ, 110 ಡಾಲರಿನ ಜೊತೆಗೆ ಮುಂದೆ ಇನ್ನೂ 5 ಡಾಲರ್ ಕೊಡುವುದಾದರೆ ಸರಿ ಎಂದು 15-1 ಮತದಿಂದ ಒಪ್ಪಿತು. ಪೆನ್‌ಜಾಯಿಲ್ ಹೂಂ ಅಂದಿತು. ಜನವರಿ 4ರಂದು ಪತ್ರಿಕಾ ಪ್ರಕಟಣೆ ಹೊರಬಿತ್ತು. ಅದರಲ್ಲಿ ಎರಡು ಮಾತಿದ್ದವು. ಒಂದು, ತಾತ್ವಿಕವಾಗಿ ಒಪ್ಪಂದ ಆಗಿದೆ. ಎರಡು, ಪೂರ್ಣ ಕರಾರು ಪತ್ರಕ್ಕೆ ಸಹಿ ಆಗಬೇಕಿದೆ. ಮುಂದೆ ಎರಡೂ ಕಡೆಯವರು ಕೋರ್ಟಿನಲ್ಲಿ ಇದೇ ಕಾಗದವನ್ನು ಎತ್ತಿ ಹಿಡಿದರು. ಒಬ್ಬರಿಗೆ ಮೊದಲ ಮಾತು ಬೇಕಿತ್ತು, ಇನ್ನೊಬ್ಬರಿಗೆ ಎರಡನೆಯದು.

ವಕೀಲರು ಕರಡು ತಿದ್ದುತ್ತಿರುವಾಗಲೇ ಟೆಕ್ಸಾಕೊ ಬಂತು. ಜನವರಿ 5ರ ರಾತ್ರಿ ಅದರ ಮುಖ್ಯಸ್ಥರು ಗಾರ್ಡನ್ ಗೆಟ್ಟಿಯನ್ನು ಹೋಟೆಲಿನಲ್ಲಿ ಕಂಡು ಷೇರಿಗೆ 125 ಡಾಲರ್ ಕೊಡುತ್ತೇವೆ ಅಂದರು. ಮರುದಿನ ಗೆಟ್ಟಿ ಮಂಡಳಿ ಪೆನ್‌ಜಾಯಿಲ್‌ಗೆ ಕೊಟ್ಟ ಒಪ್ಪಿಗೆ ಹಿಂತೆಗೆದುಕೊಂಡು ಟೆಕ್ಸಾಕೊಗೆ ಹೂಂ ಅಂದಿತು. ಆಮೇಲೆ ದರ 128ಕ್ಕೆ ಏರಿತು. ಒಟ್ಟು ವ್ಯವಹಾರ ಸುಮಾರು 1,000 ಕೋಟಿ ಡಾಲರಿನದು. ಪೆನ್‌ಜಾಯಿಲ್ ಕೇಸು ಹಾಕಿದರೆ ಅದರ ನಷ್ಟ ತಾನೇ ತುಂಬಿಕೊಡುವುದಾಗಿ ಟೆಕ್ಸಾಕೊ ಗೆಟ್ಟಿ ಕಡೆಯವರಿಗೆ ಬರೆದೂ ಕೊಟ್ಟಿತು. ಈ ಭರವಸೆ ಪತ್ರವನ್ನು ನೆನಪಿಟ್ಟುಕೊಳ್ಳಿ.

ಪೆನ್‌ಜಾಯಿಲ್ ಮೊದಲು ಹೋದದ್ದು ಡೆಲವೇರ್ ರಾಜ್ಯದ ಕೋರ್ಟಿಗೆ. ಅಲ್ಲಿ ಕಂಪನಿ ವ್ಯಾಜ್ಯಗಳನ್ನು ನ್ಯಾಯಾಧೀಶರೊಬ್ಬರೇ ಕೇಳುತ್ತಾರೆ, ಜ್ಯೂರಿ ಇರುವುದಿಲ್ಲ. ತಡೆಯಾಜ್ಞೆ ಸಿಗಲಿಲ್ಲ. ಆಗ ಪೆನ್‌ಜಾಯಿಲ್ ವಕೀಲರ ಕಣ್ಣಿಗೆ ಒಂದು ಸಣ್ಣ ಲೋಪ ಬಿತ್ತು. ಟೆಕ್ಸಾಕೊ ಅಲ್ಲಿ ಇನ್ನೂ ಪ್ರತಿವಾದ ಪತ್ರ ಸಲ್ಲಿಸಿರಲಿಲ್ಲ. ಅದು ಸಲ್ಲಿಕೆ ಆಗುವ ಮೊದಲು ವಾದಿ ಯಾರ ಅಪ್ಪಣೆಯೂ ಇಲ್ಲದೆ ದಾವೆ ವಾಪಸ್ ಪಡೆಯಬಹುದು. ಟೆಕ್ಸಾಕೊ ಮೇಲಿನ ದಾವೆಯನ್ನು ಅಲ್ಲಿಂದ ತೆಗೆದು ಹ್ಯೂಸ್ಟನ್ನಿನಲ್ಲಿ ಹೂಡಿದರು. ಅಲ್ಲಿ ಜ್ಯೂರಿ ಉಂಟು. ಅಲ್ಲಿ ಜಮೇಲ್ ಇದ್ದಾರೆ. ಒಂದು ಕಾಗದ ತಡವಾದ್ದಕ್ಕೆ ಇಷ್ಟು ದುಬಾರಿ ಬೆಲೆ ತೆತ್ತ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. ಸಿವಿಲ್ ಕೆಲಸ ಕಲಿಯುತ್ತಿರುವ ಕಿರಿಯರಿಗೆ ಈ ಕೇಸಿನಲ್ಲಿ ಬೇರೇನೂ ಬೇಡ, ಈ ಒಂದು ಭಾಗ ಓದಿ ಅಂತ ಹೇಳುತ್ತೇನೆ.

1985ರ ಜುಲೈನಲ್ಲಿ ವಿಚಾರಣೆ ಶುರುವಾಗಿ ನಾಲ್ಕೂವರೆ ತಿಂಗಳು ನಡೆಯಿತು. ನಡುವೆ ನ್ಯಾಯಾಧೀಶ ಆಂಟನಿ ಫ್ಯಾರಿಸ್ ಕಾಯಿಲೆ ಬಿದ್ದರು. ಅವರ ಜಾಗಕ್ಕೆ ಸಾಲಮನ್ ಕ್ಯಾಸೆಬ್ ಬಂದರು. ಟೆಕ್ಸಾಕೊ ಪರ ಮುಂದೆ ನಿಂತವರು ರಿಚರ್ಡ್ ಮಿಲ್ಲರ್. ಅವರೂ ಹ್ಯೂಸ್ಟನ್ನಿನವರೇ, ಹೆಸರಾಂತ ವಕೀಲರು. ಜಮೇಲ್ ಒಬ್ಬರೇ ಎಲ್ಲ ಮಾಡಿದರು ಅಂದರೆ ತಪ್ಪಾಗುತ್ತದೆ. ಬೇಕರ್ ಅಂಡ್ ಬಾಟ್ಸ್ ಸಂಸ್ಥೆಯ ಜಾನ್ ಜೆಫರ್ಸ್ ಮತ್ತು ಇರ್ವಿನ್ ಟೆರೆಲ್ ದಾಖಲೆಗಳನ್ನು ಅರೆದು ಕುಡಿದಿದ್ದರು. ಅನೇಕ ಸಾಕ್ಷಿಗಳನ್ನು ಅವರೇ ನಿಭಾಯಿಸಿದರು. ಜಮೇಲ್ ಜ್ಯೂರಿಯನ್ನು ನೋಡಿಕೊಂಡರು.

ಹಾಗಂದರೆ ಏನು? ಕೇಸು ನ್ಯೂಯಾರ್ಕ್ ಕಾನೂನಿನ ಪ್ರಕಾರ ತೀರ್ಮಾನವಾಗಬೇಕಿತ್ತು. ಸಾಕ್ಷಿಗಳಲ್ಲಿ ಅನೇಕರು ಬ್ಯಾಂಕರುಗಳು, ವಿಲೀನದ ವಕೀಲರು. ಅವರ ಮಾತು ಸಾಮಾನ್ಯ ಜನರಿಗೆ ಅರ್ಥವಾಗುವುದೇ ಕಷ್ಟ. ಜ್ಯೂರಿಯಲ್ಲಿ ಕೂತವರು ಊರಿನ ಸಾಧಾರಣ ಕೆಲಸಗಾರರು. ನಮ್ಮ ಸಿವಿಲ್ ಕೋರ್ಟುಗಳಲ್ಲಿ ಜ್ಯೂರಿ ಇಲ್ಲ, ಹಾಗಾಗಿ ಈ ಕಷ್ಟ ನಮಗೆ ತಟ್ಟನೆ ಹೊಳೆಯುವುದಿಲ್ಲ. ಜಮೇಲ್ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಪ್ರಶ್ನೆ ಹಿಡಿದರು. ಕೊಟ್ಟ ಮಾತಿಗೆ, ಕುಲುಕಿದ ಕೈಗೆ ಬೆಲೆ ಇದೆಯೋ ಇಲ್ಲವೋ? ಜ್ಯೂರಿಗೆ ಕೋರ್ಟು ಕೇಳಿದ ಮೊದಲ ಪ್ರಶ್ನೆಯ ತಿರುಳೂ ಅದೇ ಆಗಿತ್ತು. ಜನವರಿ 3ರ ಸಭೆ ಮುಗಿದಾಗ ಎರಡೂ ಕಡೆಯವರಿಗೆ ಒಪ್ಪಂದಕ್ಕೆ ಕಟ್ಟುಬೀಳುವ ಉದ್ದೇಶ ಇತ್ತೇ? ಕಾಗದಕ್ಕೆ ಸಹಿ ಆಗಿತ್ತೇ ಅಂತ ಅಲ್ಲ, ಉದ್ದೇಶ ಇತ್ತೇ ಅಂತ.

ಆಮೇಲೆ ಆ ಭರವಸೆ ಪತ್ರ. ಒಪ್ಪಂದವೇ ಆಗಿರಲಿಲ್ಲ ಅನ್ನುವುದು ಟೆಕ್ಸಾಕೊ ವಾದ. ಆಗಿರದಿದ್ದರೆ ಗೆಟ್ಟಿ ಕಡೆಯವರು ಅಂಥ ಪತ್ರ ಕೇಳಿದ್ದೇಕೆ, ನೀವು ಕೊಟ್ಟಿದ್ದೇಕೆ? ಟೆಕ್ಸಾಕೊ ಕಡೆಯವರ ಕೈಬರಹದ ಟಿಪ್ಪಣಿಯೊಂದೂ ಸಿಕ್ಕಿತ್ತು. ಅದರಲ್ಲಿ ರೈಲು ನಿಲ್ಲಿಸಬೇಕು ಎಂಬ ಅರ್ಥದ ಮಾತಿತ್ತು. ಹೊರಡದ ರೈಲನ್ನು ಯಾರಾದರೂ ನಿಲ್ಲಿಸುತ್ತಾರೆಯೇ? ದಿನಸಿ ಅಂಗಡಿ ನಡೆಸಿದ ಮನೆಯ ಮಗನಿಗೆ ಈ ತರ್ಕ ಕೌಂಟರಿನ ಆ ಕಡೆ ನಿಂತವರಿಗೆ ಹೇಗೆ ಕೇಳಿಸುತ್ತದೆ ಅಂತ ಗೊತ್ತಿತ್ತು.

ಇನ್ನು ನಷ್ಟದ ಲೆಕ್ಕ. ಇದನ್ನು ಒಮ್ಮೆ ಬರೆದು ನೋಡಿದರೆ ಒಳ್ಳೆಯದು. ಗೆಟ್ಟಿಯ ನೆಲದಡಿಯ ಎಣ್ಣೆ ನಿಕ್ಷೇಪದಲ್ಲಿ ಪೆನ್‌ಜಾಯಿಲ್‌ನ ಏಳರಲ್ಲಿ ಮೂರು ಪಾಲು ಅಂದರೆ ಸುಮಾರು 100.8 ಕೋಟಿ ಬ್ಯಾರೆಲ್. ಒಪ್ಪಂದ ನಡೆದಿದ್ದರೆ ಬ್ಯಾರೆಲ್ಲಿಗೆ ಬೀಳುತ್ತಿದ್ದ ವೆಚ್ಚ 3.40 ಡಾಲರ್. ಹೊಸದಾಗಿ ಹುಡುಕಿ ತೆಗೆಯಲು ಪೆನ್‌ಜಾಯಿಲ್‌ಗೆ ಬರುತ್ತಿದ್ದ ಖರ್ಚು 10.87 ಡಾಲರ್. ವ್ಯತ್ಯಾಸ 7.47. ಗುಣಿಸಿದರೆ 753 ಕೋಟಿ ಡಾಲರ್. ಇದು ಒಪ್ಪಲೇಬೇಕಾದ ಲೆಕ್ಕವಲ್ಲ. ಷೇರಿನ ದರದ ವ್ಯತ್ಯಾಸ ಹಿಡಿದರೆ ನಷ್ಟ ಎಷ್ಟೋ ಪಟ್ಟು ಕಡಿಮೆ ಬರುತ್ತದೆ. ಟೆಕ್ಸಾಕೊ ಮೇಲ್ಮನವಿಯಲ್ಲಿ ಆ ವಾದ ಹೂಡಿತು. ಆದರೆ ಜ್ಯೂರಿ ಮುಂದೆ ನಷ್ಟದ ಬಗ್ಗೆ ತನ್ನ ಕಡೆಯ ಒಬ್ಬ ತಜ್ಞನನ್ನೂ ಅದು ಕರೆಸಲಿಲ್ಲ. ಲೆಕ್ಕ ಹೇಳಿದರೆ ತಪ್ಪು ಒಪ್ಪಿದಂತೆ ಕಾಣುತ್ತದೆ ಎಂಬ ಅಂಜಿಕೆ ಇಂಥ ಕಡೆ ಪ್ರತಿವಾದಿಗಳಿಗೆ ಸಹಜ. ನನ್ನ ಪ್ರಕಾರ ಈ ಕೇಸಿನ ದೊಡ್ಡ ತಪ್ಪು ಇದು. ಜ್ಯೂರಿ ಕೈಯಲ್ಲಿ ಇದ್ದದ್ದು ಒಂದೇ ಸಂಖ್ಯೆ. ಅದನ್ನೇ ಕೊಟ್ಟರು.

1985ರ ನವೆಂಬರ್ 19ರಂದು ತೀರ್ಪು ಬಂತು. 753 ಕೋಟಿ ನಷ್ಟ ಪರಿಹಾರ, ಅದರ ಮೇಲೆ ದಂಡವಾಗಿ 300 ಕೋಟಿ. ಜಮೇಲ್‌ಗೆ ಆಗ 60 ವರ್ಷ.

ಆಮೇಲಿನ ಹೋರಾಟ ಉದ್ದವಾಗಿತ್ತು, ಚುಟುಕಾಗಿ ಹೇಳುತ್ತೇನೆ. ಮೇಲ್ಮನವಿ ಮುಗಿಯುವವರೆಗೆ ಜಪ್ತಿ ತಪ್ಪಿಸಬೇಕಾದರೆ ಟೆಕ್ಸಸ್ ಕಾನೂನಿನ ಪ್ರಕಾರ ಪೂರ್ತಿ ಮೊತ್ತಕ್ಕೆ ಭದ್ರತೆ ಇಡಬೇಕಿತ್ತು. ಅಷ್ಟು ದೊಡ್ಡ ಬಾಂಡ್ ಎಲ್ಲಿಂದ ತರುವುದು? ಟೆಕ್ಸಾಕೊ ಫೆಡರಲ್ ಕೋರ್ಟಿಗೆ, ಅಂದರೆ ಕೇಂದ್ರದ ಕೋರ್ಟಿಗೆ ಹೋಗಿ ತಡೆ ತಂದಿತು. 1987ರ ಫೆಬ್ರುವರಿಯಲ್ಲಿ ಟೆಕ್ಸಸ್ ಮೇಲ್ಮನವಿ ಕೋರ್ಟು ದಂಡವನ್ನು 300ರಿಂದ 100 ಕೋಟಿಗೆ ಇಳಿಸಿ ಉಳಿದದ್ದನ್ನು ಎತ್ತಿ ಹಿಡಿಯಿತು. ಏಪ್ರಿಲ್ 6ರಂದು ಅಮೆರಿಕದ ಸುಪ್ರೀಂ ಕೋರ್ಟ್ ಫೆಡರಲ್ ತಡೆಯನ್ನು ತೆಗೆದುಹಾಕಿತು. ಆರು ದಿನಕ್ಕೆ ಟೆಕ್ಸಾಕೊ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಕೊನೆಗೆ ಆ ಡಿಸೆಂಬರಿನಲ್ಲಿ 300 ಕೋಟಿ ಡಾಲರಿಗೆ ರಾಜಿಯಾಯಿತು. 1988ರ ಏಪ್ರಿಲ್‌ನಲ್ಲಿ ಹಣ ಪಾವತಿಯಾಯಿತು. ಕೈಗೆ ಬಂದದ್ದು ತೀರ್ಪಿನ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದರೂ ಜಮೇಲ್ ಅವರ ಫೀಸು 30 ಕೋಟಿ ಡಾಲರಿಗೂ ಮೇಲೆ ಅಂತ ಪತ್ರಿಕೆಗಳು ಬರೆದವು.

ಟೆಕ್ಸಾಕೊ ಹುಟ್ಟಿದ್ದೇ ಟೆಕ್ಸಸ್ಸಿನಲ್ಲಿ, 1902ರಲ್ಲಿ, ಬೋಮಾಂಟ್ ಎಂಬ ಊರಲ್ಲಿ. ಆದರೆ 1985ರ ಹೊತ್ತಿಗೆ ಅದರ ಮುಖ್ಯ ಕಚೇರಿ ನ್ಯೂಯಾರ್ಕ್ ರಾಜ್ಯದಲ್ಲಿತ್ತು. ಹ್ಯೂಸ್ಟನ್ ಜ್ಯೂರಿಗೆ ಅದು ಹೊರಗಿನ ಕಂಪನಿ. ಪೆನ್‌ಜಾಯಿಲ್ ಊರಿನದು, ಜಮೇಲ್ ಊರಿನವರು. ಊರಿನವನಾಗಿರುವುದು ವಕೀಲನಿಗೆ ಬಲ. ಅದೇ ಬಲ ಒಂದು ಗೆರೆ ದಾಟಿದರೆ ಎದುರು ಪಕ್ಷಕ್ಕೆ ಅನ್ಯಾಯವಾಗಬಹುದು. ಈ ಕೇಸಿನಲ್ಲೂ ಆ ಗೆರೆಯ ಹತ್ತಿರದ ಸಂಗತಿ ಒಂದಿದೆ. ಟೆಕ್ಸಸ್ಸಿನಲ್ಲಿ ನ್ಯಾಯಾಧೀಶರನ್ನು ಚುನಾವಣೆಯಲ್ಲಿ ಆರಿಸುತ್ತಾರೆ. ಕೇಸು ಫ್ಯಾರಿಸ್ ಅವರ ಮುಂದೆ ಇರುವಾಗಲೇ ಆ ನ್ಯಾಯಾಧೀಶರ ಚುನಾವಣಾ ನಿಧಿಗೆ ಜಮೇಲ್ 10,000 ಡಾಲರ್ ಕೊಟ್ಟಿದ್ದರು. ಗುಟ್ಟಾಗಿ ಅಲ್ಲ, ಕಾನೂನು ಒಪ್ಪುವ ರೀತಿಯಲ್ಲೇ. ಟೆಕ್ಸಾಕೊ ಈ ನ್ಯಾಯಾಧೀಶರು ಬೇಡ ಎಂದು ಅರ್ಜಿ ಹಾಕಿತು. ಅರ್ಜಿ ವಜಾ ಆಯಿತು.

ನಾನು ಜಮೇಲ್ ಅವರ ಕೆಲಸವನ್ನು ಮೆಚ್ಚುತ್ತೇನೆ. ಆದರೆ ಈ ಹಣ ಕೊಟ್ಟದ್ದು ನನಗೆ ಸರಿ ಕಾಣುವುದಿಲ್ಲ. ನಿಯಮ ಬಿಟ್ಟಿತ್ತು ಅನ್ನುವುದು ಉತ್ತರವಾಗುವುದಿಲ್ಲ. ಎದುರು ಪಕ್ಷದವರು ಆ ಕೋರ್ಟಿನೊಳಗೆ ಯಾವ ಧೈರ್ಯದಿಂದ ಕಾಲಿಡಬೇಕು? ಗೆದ್ದ ಕೇಸು ಅಷ್ಟು ಗಟ್ಟಿಯಾಗಿತ್ತು. ಈ ಹಣ ಕೊಡದೆ ಇದ್ದರೂ ಅದು ಗೆಲ್ಲುತ್ತಿತ್ತು ಅಂತ ನಾನು ನಂಬುತ್ತೇನೆ. ಅದಕ್ಕೇ ಬೇಸರ ಇನ್ನೂ ಜಾಸ್ತಿ.

ಇನ್ನೊಂದು ಮಾತನ್ನೂ ಬಿಡುವ ಹಾಗಿಲ್ಲ. 1994ರಲ್ಲಿ ಡೆಲವೇರ್ ಸುಪ್ರೀಂ ಕೋರ್ಟು ಬೇರೊಂದು ಕೇಸಿನ ತೀರ್ಪಿಗೆ ಅನುಬಂಧ ಸೇರಿಸಿ ಜಮೇಲ್ ಅವರನ್ನು ಹೆಸರಿಟ್ಟು ಟೀಕಿಸಿತು. ಸಾಕ್ಷಿ ಹೇಳಿಕೆ ದಾಖಲಿಸುವಾಗ ಎದುರು ವಕೀಲರಿಗೆ ಅವರು ಆಡಿದ ಒರಟು ಮಾತುಗಳೇ ಕಾರಣ. ಜ್ಯೂರಿ ಮುಂದೆ ಅಷ್ಟು ಹದವಾಗಿ ಮಾತಾಡಬಲ್ಲವರು ಸಹ ವಕೀಲರ ಜೊತೆ ನಾಲಿಗೆ ಹರಿಯಬಿಟ್ಟರು. ಅವರಿಂದ ಕಲಿಯಬಯಸುವವರು ಇದನ್ನು ಕಲಿಯಬೇಕಾಗಿಲ್ಲ.

ಗಳಿಸಿದ ಹಣದಲ್ಲಿ ಒಂದಷ್ಟನ್ನು ಅವರು ದಾನ ಮಾಡಿದರು. ಜಾಸ್ತಿ ಹೋದದ್ದು ತಾವು ಓದಿದ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ. ಅಲ್ಲಿನ ಕಾನೂನು ಗ್ರಂಥಾಲಯದ ಸಂಶೋಧನಾ ಕೇಂದ್ರಕ್ಕೆ ಅವರ ಹೆಸರಿದೆ. ಈಜುಕೊಳಕ್ಕೆ ದಂಪತಿಯ ಹೆಸರಿದೆ. ಫುಟ್‌ಬಾಲ್ ಕ್ರೀಡಾಂಗಣದ ಅಂಕಣವನ್ನು ಹಲವು ವರ್ಷ ಅವರ ಹೆಸರಿನಿಂದಲೇ ಕರೆಯುತ್ತಿದ್ದರು. ಕ್ಯಾಂಪಸ್ಸಿನಲ್ಲಿ ಅವರ ಪ್ರತಿಮೆ ಒಂದಲ್ಲ, ಎರಡಿವೆ. ಒಂದು ಕಾನೂನು ಶಾಲೆಯಲ್ಲಿ, ಒಂದು ಕ್ರೀಡಾಂಗಣದಲ್ಲಿ. ಬದುಕಿರುವಾಗಲೇ ಎರಡು ಪ್ರತಿಮೆ ನನಗೆ ಸ್ವಲ್ಪ ಅತಿ ಅನ್ನಿಸುತ್ತದೆ. ಆದರೆ ಗ್ರಂಥಾಲಯದಲ್ಲಿ ಕೂತು ಓದುವ ಹುಡುಗರಿಗೆ ಪುಸ್ತಕ ಸಿಗುತ್ತಿದೆಯಲ್ಲ, ಅದು ಮುಖ್ಯ.

ಅವರು ಮಾಡಿದ ದಾನಗಳಲ್ಲಿ ನನಗೆ ಹಿಡಿಸಿದ್ದು ಕ್ಯಾಂಪಸ್ಸಿನಲ್ಲಿ ಇಲ್ಲ. ಹ್ಯೂಸ್ಟನ್ ನಗರದ ನಡುವೆ, ಬಫಲೋ ಬಾಯು ಎಂಬ ಹಳ್ಳದ ದಂಡೆಯಲ್ಲಿ ಒಂದು ಸ್ಕೇಟ್‌ಪಾರ್ಕ್ ಇದೆ. ಸುಮಾರು 30,000 ಚದರ ಅಡಿ. ಚಕ್ರದ ಹಲಗೆ ಹಿಡಿದು ಬರುವ ಮಕ್ಕಳಿಗೆ ಪ್ರವೇಶ ಉಚಿತ. ಅದಕ್ಕೆ ಜಮೇಲ್ 15 ಲಕ್ಷ ಡಾಲರ್ ಕೊಟ್ಟರು. ಹೆಂಡತಿ ಲೀ 2007ರ ಜನವರಿಯಲ್ಲಿ ತೀರಿಕೊಂಡರು. ಪಾರ್ಕ್ ತೆರೆದದ್ದು 2008ರಲ್ಲಿ. 2015ರ ಡಿಸೆಂಬರಿನಲ್ಲಿ, 90ನೇ ವಯಸ್ಸಿನಲ್ಲಿ ಜಮೇಲ್ ಅದೇ ಊರಿನಲ್ಲಿ ಕಣ್ಣುಮುಚ್ಚಿದರು. ಪಾರ್ಕಿನ ಹೆಸರು ಲೀ ಅಂಡ್ ಜೋ ಜಮೇಲ್ ಸ್ಕೇಟ್‌ಪಾರ್ಕ್. ಹೆಂಡತಿಯ ಹೆಸರು ಮೊದಲು, ಅವರದು ಆಮೇಲೆ.